ಗೆಣಸಿನ ಬಳ್ಳಿ ನಡೆದು ಬಂದ ದಾರಿ

ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿ ಜೊತೆಗೆ ಗೆಣಸನ್ನೂ ಬೇಯಿಸಿ ತಿನ್ನುವವರು ನಾವು. ಗೆಣಸು ಎಂಬ ಮಾತು ನಮ್ಮದೇ. ಕಾಡುಗೆಣಸು, ತೂಣಗೆಣಸು ನಮ್ಮ ಹಿರಿಯರಿಗೆ ಗೊತ್ತಿದ್ದವು. ಆದರೆ ಈ ಸಿಹಿಗೆಣಸು ಹುಟ್ಟಿದ್ದು ಅಮೆರಿಕ ಖಂಡದ ಉಷ್ಣ ಸೀಮೆಯಲ್ಲಿ. 1492ರಲ್ಲಿ ಕೊಲಂಬಸನು ಆ ಕಡೆ ಹೋದ ಮೇಲೆ ಅದು ಸ್ಪೇನಿಗೆ ಬಂತು. ನಮ್ಮ ದೇಶಕ್ಕೆ ತಂದವರು ಪೋರ್ಚುಗೀಸರೆಂದು ತಿಳಿದವರು ಹೇಳುತ್ತಾರೆ.

ಈಗ ಚೀನಾ ದೇಶದ ಒಂದು ಸಂಗತಿ ಕೇಳಿ. ಅಲ್ಲಿಯ ಫೂಜಿಯನ್ ಪ್ರಾಂತದಲ್ಲಿ ಗುಡ್ಡ ಹೆಚ್ಚು, ಗದ್ದೆ ಕಡಿಮೆ. ಆ ಸೀಮೆಯ ಚೆನ್ ಝೆನ್‌ಲಾಂಗ್ ಎಂಬ ವರ್ತಕ 1593ರಲ್ಲಿ ಫಿಲಿಪೈನ್ಸಿನ ಲೂಜಾನ್ ದ್ವೀಪದಿಂದ ಊರಿಗೆ ಮರಳುವಾಗ ಗೆಣಸಿನ ಬಳ್ಳಿ ತಂದ. ಅಲ್ಲಿ ಆಳುತ್ತಿದ್ದ ಸ್ಪೇನಿನವರು ಅದನ್ನು ಹೊರಗೆ ಒಯ್ಯಗೊಡುತ್ತಿರಲಿಲ್ಲ, ಈತ ಕಣ್ಣು ತಪ್ಪಿಸಿ ತಂದ ಎಂದು ಆ ಮನೆತನದವರು ಬರೆದಿಟ್ಟಿದ್ದಾರೆ. 1594ರಲ್ಲಿ ಬರ ಬಿತ್ತು. ಪ್ರಾಂತದ ಅಧಿಕಾರಿ ಜಿನ್ ಶುಯೆಝೆಂಗ್ ಎಲ್ಲರೂ ಗೆಣಸು ನೆಡಿರೆಂದು ಸಾರಿಸಿದ. ಬತ್ತ ಬಾರದ ನೆಲದಲ್ಲಿ ಗೆಣಸು ಬಂತು, ಜನ ಉಳಿದರು.

ಅಲ್ಲಿಂದ ಅದು 1605ರಲ್ಲಿ ಓಕಿನಾವಾ ದ್ವೀಪಕ್ಕೆ ಹೋಯಿತು. ಮುಂದೆ ಜಪಾನಿನಲ್ಲಿ 1732ರ ಕ್ಷಾಮದಲ್ಲಿ ಬಹಳ ಜನ ಸತ್ತರು. ಅದಾದ ಮೇಲೆ 1735ರಲ್ಲಿ ಆವೊಕಿ ಕೊನ್ಯೊ ಎಂಬ ವಿದ್ವಾಂಸ, ಈಗ ಟೋಕಿಯೋ ಎನ್ನುವ ಎಡೊ ನಗರದಲ್ಲಿ ಗೆಣಸು ಬೆಳೆದು ತೋರಿಸಿದ. ಜನ ಅವನನ್ನು ಕರೆದದ್ದು ‘ಗೆಣಸಿನ ಮೇಷ್ಟ್ರು’ ಎಂದೇ!

ಇದರಲ್ಲಿ ನಮಗೇನು ಪಾಠ? ಬರಗಾಲದಲ್ಲಿ ಹಸಿದವನು ಬಿತ್ತನೆಯ ರಾಗಿಯನ್ನೂ ತಿಂದುಬಿಡುತ್ತಾನೆ. ಮುಂದಿನ ಮಳೆಗೆ ಬಿತ್ತಲು ಏನೂ ಇರುವುದಿಲ್ಲ. ಗೆಣಸಿನಲ್ಲಿ ಹಾಗಲ್ಲ. ಗೆಡ್ಡೆ ಹೊಟ್ಟೆಗೆ, ಬಳ್ಳಿ ಬಿತ್ತನೆಗೆ. ಆದರೆ ಆ ಬಳ್ಳಿ ಬೇಸಗೆಯಲ್ಲಿ ಒಣಗಿಹೋಗದಂತೆ ಯಾರಾದರೂ ಕಾಯಬೇಕು.

“ಪಕ್ಕದೂರಲ್ಲಿ ಬಳ್ಳಿ ಸಿಗುತ್ತಲ್ಲ ಸ್ವಾಮಿ?” ಎಂದು ನೀವು ಕೇಳಬಹುದು. ಸಿಗುತ್ತದೆ, ನಿಜ. ಆದರೆ ನಿಮ್ಮೂರಿಗೆ ಮಳೆ ತಪ್ಪಿದ ವರ್ಷ ಪಕ್ಕದೂರಿಗೂ ತಪ್ಪಿರುತ್ತದೆ. ಅಲ್ಲದೆ, ಕೊಂಡ ಬಳ್ಳಿಯೊಡನೆ ಮೂತಿಹುಳುವೂ ಹೊಲಕ್ಕೆ ಬರಬಹುದು. ಗೆಡ್ಡೆ ಕೊರೆದು ಕಹಿ ಮಾಡುವುದು ಇದೇ ಹುಳು.

ಆದ್ದರಿಂದ ಹಿತ್ತಲಲ್ಲೇ ಬಳ್ಳಿ ಎಬ್ಬಿಸಿಕೊಳ್ಳಿ. ಮುಂಗಾರಿಗೆ ನೆಡುವುದಾದರೆ ಏಪ್ರಿಲ್ ತಿಂಗಳಲ್ಲೇ, ನೀರು ಸಿಗುವ ಕಡೆ ಒಂದು ಪಾತಿ ಮಾಡಿ ಹಳೆಯ ಗೊಬ್ಬರ ಬೆರೆಸಿ. ಹುಳು ಬೀಳದ, ಕೊಳೆಯದ, 125ರಿಂದ 150 ಗ್ರಾಂ ತೂಗುವ ಗೆಡ್ಡೆಗಳನ್ನು ಗೇಣಿಗೊಂದರಂತೆ ಹೂಳಿ. ಮಣ್ಣು ತೇವವಾಗಿರಲಿ, ನೀರು ನಿಲ್ಲದಿರಲಿ. ಸುಮಾರು 45 ದಿನಕ್ಕೆ ಬಳ್ಳಿ ಕತ್ತರಿಸಲು ಬರುತ್ತದೆ. ಬುಡದ ಭಾಗ ಬಿಟ್ಟು ತುದಿಯ ಕಡೆಯಿಂದ ಗೇಣುದ್ದ ಕತ್ತರಿಸಿ. ತುದಿಯಲ್ಲಿ ಹುಳುವಿನ ಕಾಟ ಕಡಿಮೆ. ಎಲೆ ಕೀಳದೆ ಎರಡು ದಿನ ನೆರಳಲ್ಲಿಟ್ಟು ನೆಟ್ಟರೆ ಬೇರು ಚೆನ್ನಾಗಿ ಬಿಡುತ್ತದೆ. 60 ಸೆಂಟಿಮೀಟರಿಗೊಂದು ಏರು, ಏರಿನ ಮೇಲೆ 20 ಸೆಂಟಿಮೀಟರಿಗೊಂದು ತುಂಡು ಸಾಕು. ಪಾತಿಯ ಬುಡ ಮತ್ತೆ ಚಿಗುರುತ್ತದೆ. ಅದನ್ನು ಕಿತ್ತು ಎಸೆಯಬೇಡಿ.

ತಾಯಂದಿರೇ, ಈ ಕೆಲಸ ನಿಮ್ಮ ಕೈಯಲ್ಲೇ ಚೆನ್ನಾಗಿ ನಡೆಯುತ್ತದೆ. ದಿನಕ್ಕೆರಡು ಕೊಡ ನೀರು ಹಾಕಿ ಉಳಿಸಿದ ಒಂದು ಪಾತಿ, ಕೆಟ್ಟ ವರ್ಷದಲ್ಲಿ ನಿಮ್ಮ ಮನೆಗಷ್ಟೇ ಅಲ್ಲ, ನೆರೆಯವರಿಗೂ ಬಿತ್ತನೆ ಕೊಟ್ಟೀತು. ಚೆನ್ ತಂದದ್ದೂ ಅಂಥ ಬಳ್ಳಿಯನ್ನೇ.