ಒಂಟಿ ಮೋಡಕ್ಕೆ ಬಯಲುಸೀಮೆಯ ಅರ್ಥ

ಪದ್ಯದ ಸಾಲಿಗೆ ಅರ್ಥ ಹೇಳುವ ಪದ್ಧತಿ ಕನ್ನಡದಲ್ಲಿ ಬಹಳ ಹಳೆಯದು. ಗಮಕಿ ಓದಿ ನಿಲ್ಲಿಸಿದೊಡನೆ ವ್ಯಾಖ್ಯಾನಕಾರ ಪದ ಬಿಡಿಸಿ, ಅನ್ವಯ ಮಾಡಿ, ತಾತ್ಪರ್ಯ ಹೇಳುತ್ತಿದ್ದ. ಸೂರ್ಯೋದಯ, ಋತು, ಪರ್ವತ, ಸಮುದ್ರಗಳೆಲ್ಲ ಮಹಾಕಾವ್ಯದ ಅಷ್ಟಾದಶ ವರ್ಣನೆಗಳಿಗೆ ಸೇರಿದವು. ಅಂಥ ಸಾಲಿಗೆ ಅರ್ಥ ಹೇಳುವುದೆಂದರೆ ಬಹುಮಟ್ಟಿಗೆ ಅಲಂಕಾರವನ್ನು ಗುರುತಿಸುವುದು. ಕಡಲನ್ನೇ ಕಾಣದವನೂ ಕಡಲಿನ ವರ್ಣನೆಯನ್ನು ಚೆನ್ನಾಗಿ ವಿವರಿಸಬಲ್ಲವನಾಗಿದ್ದ.

ಇಂಗ್ಲಿಷ್ ರಮ್ಯ ಕವಿತೆ ಮೈಸೂರು ಸಂಸ್ಥಾನದ ತರಗತಿಗಳಿಗೆ ಬಂದಾಗ ಈ ವಿಧಾನ ಸಾಲದಾಯಿತು. ವರ್ಡ್ಸ್‌ವರ್ತನ ಡ್ಯಾಫೊಡಿಲ್ ಕವಿತೆಯನ್ನೇ ನೋಡಬಹುದು. ಕವಿ ತನ್ನನ್ನು ಒಂಟಿಯಾಗಿ ತೇಲುವ ಮೋಡಕ್ಕೆ ಹೋಲಿಸಿಕೊಳ್ಳುತ್ತಾನೆ. ಉಪಮಾಲಂಕಾರ ಎಂದು ಬರೆದರೆ ಪರೀಕ್ಷೆಯ ಅಂಕ ಸಿಕ್ಕೀತು, ಸಾಲು ತೆರೆದುಕೊಳ್ಳದು. ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ 1802ರ ಏಪ್ರಿಲ್ 15ರಂದು ಆ ಹೂಗಳನ್ನು ಕಂಡಾಗ ಕವಿ ಒಂಟಿಯಾಗಿರಲಿಲ್ಲ. ತಂಗಿ ಡೊರೊಥಿ ಜೊತೆಗಿದ್ದಳು, ಕಂಡದ್ದನ್ನು ದಿನಚರಿಯಲ್ಲಿ ಬರೆದಿಟ್ಟಳು. ಕವಿತೆ ಅಚ್ಚಾದದ್ದು 1807ರಲ್ಲಿ. ಹಾಗಾದರೆ ಆ ಒಂಟಿತನ ನಡೆದ ಸಂಗತಿಯ ವರದಿಯಾಗಲಾರದು. ಹೂವು ಕಣ್ಣಿಗೆ ಬೀಳುವ ಮುಂಚೆ ಮನಸ್ಸಿಗೆ ಇರುವ ಗೊತ್ತುಗುರಿಯಿಲ್ಲದ ಸ್ಥಿತಿ ಅದು. ಕೊನೆಯಲ್ಲಿ ಬರುವ ಒಳಗಣ್ಣಿನ ಮಾತಿಗೂ ಇದಕ್ಕೂ ನೇರ ಸಂಬಂಧವಿದೆ. ಒಳಗಣ್ಣಿನ ಆ ಎರಡು ಸಾಲುಗಳನ್ನು ಕೊಟ್ಟವಳು ಕವಿಯ ಹೆಂಡತಿ ಮೇರಿ. ಒಂಟಿತನದ ಕವಿತೆಗೆ ಮನೆಯವರೆಲ್ಲ ಕೈಜೋಡಿಸಿದ್ದಾರೆ.

ಹಿರಿಯೂರು ತಾಲ್ಲೂಕಿನ ಬಬ್ಬೂರಿನಂಥ ಊರಿನ ವಿದ್ಯಾರ್ಥಿಗೆ ಇಲ್ಲಿ ಇನ್ನೊಂದು ತೊಡಕಿದೆ. ಡ್ಯಾಫೊಡಿಲ್ ಗೊತ್ತಿಲ್ಲದಿರುವುದು ಸಣ್ಣ ಮಾತು. ಮೋಡ ಗೊತ್ತಿರುವುದೇ ದೊಡ್ಡ ಮಾತು. ವೇದಾವತಿ ಹರಿಯುವ ಈ ಸೀಮೆ ಪಶ್ಚಿಮಘಟ್ಟದ ಮಳೆನೆರಳಿಗೆ ಸೇರಿದ್ದು. ಮೇಲ್ಗಡೆ ಮಾರಿಕಣಿವೆಗೆ ಕಟ್ಟಿದ ವಾಣಿವಿಲಾಸ ಸಾಗರದ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಆ ಜಲಾಶಯ 1933ರಲ್ಲಿ ತುಂಬಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಂಥ ಕಡೆ ಒಂಟಿ ಮೋಡವೆಂದರೆ ಹನಿಯುದುರಿಸದೆ ದಾಟಿಹೋಗುವ ಮೋಡ. ಸರೋವರಸೀಮೆಯ ಕವಿಗೆ ಹಗುರವಾಗಿ ಕಂಡದ್ದು ಬಿತ್ತಿ ಕುಳಿತ ರೈತನ ಎದೆಯಲ್ಲಿ ಭಾರವಾಗುತ್ತದೆ. ಕವಿತೆಯ ಭಾವವನ್ನು ಹಿಡಿಯಬೇಕಾದರೆ ವಿದ್ಯಾರ್ಥಿ ಈ ಭಾರವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಬೇಕು. ಹಾಗೆಂದು ಅವನು ಮೊದಲು ಕಂಡದ್ದು ತಪ್ಪು ಓದೆನ್ನುವುದು ಅನ್ಯಾಯ. ಸಾಲಿನ ಜೊತೆ ಅವನ ಮಾತುಕತೆ ಶುರುವಾಗುವುದೇ ಅಲ್ಲಿಂದ.

ಈ ತೊಡಕು ಅನುವಾದಕರಿಗೂ ಎದುರಾಯಿತು. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಹೆಚ್ಚಾಗಿ ಪಾಲ್‌ಗ್ರೇವನ ‘ಗೋಲ್ಡನ್ ಟ್ರೆಷರಿ’ ಸಂಕಲನದಿಂದ ಬಂದವು. ಆ ಸಂಕಲನದ ಮೊದಲ ಕವಿತೆ ರಮ್ಯ ಯುಗಕ್ಕಿಂತ ಹಳೆಯದು, ಥಾಮಸ್ ನ್ಯಾಶನ ವಸಂತಗೀತೆ. ಅದನ್ನು ಕನ್ನಡಿಸುವಾಗ ಶ್ರೀಯವರು ಋತುವಿಗೆ ನಮ್ಮ ವಸಂತನ ಹೆಸರಿಟ್ಟರು, ಹಕ್ಕಿಗಳ ಕೂಗನ್ನು ಮಾತ್ರ ಮೂಲದಲ್ಲಿದ್ದಂತೆಯೇ ಉಳಿಸಿಕೊಂಡರು. ಇಂಗ್ಲೆಂಡಿನಲ್ಲಿ ಚಳಿ ಕಳೆಯುವ ವಸಂತ ಹಿರಿಯೂರಿನಲ್ಲಿ ಬಿಸಿಲು ಏರುವ ಕಾಲ, ಹೊಂಗೆ ಬೇವುಗಳು ಹೂ ಬಿಡುವ ಕಾಲ. ಒಂದೇ ಹೆಸರಿನಡಿ ಎರಡು ಋತುಗಳು ಕೂಡಿದವು.

ಇದೇ ಬಯಲುಸೀಮೆಯ, ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಟಿ.ಎಸ್. ವೆಂಕಣ್ಣಯ್ಯ ಮೈಸೂರಿನಲ್ಲಿ ಕವಿ ಕುವೆಂಪು ಅವರಿಗೆ ಗುರುಗಳಾಗಿದ್ದರು. ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಕುವೆಂಪು, ಐರಿಶ್ ಕವಿ ಜೇಮ್ಸ್ ಕಸಿನ್ಸ್ ಹೇಳಿದ ಮೇಲೆ ಕನ್ನಡಕ್ಕೆ ತಿರುಗಿದರು. ಮಲೆನಾಡಿನ ಕಾಡು, ಹಕ್ಕಿ, ಮಳೆಗಳು ಅವರ ಕವಿತೆಗೆ ಬಂದವು. ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಅವರು ಅರ್ಪಿಸಿದ್ದು 1939ರಲ್ಲಿ ತೀರಿಕೊಂಡಿದ್ದ ಈ ಬಯಲುಸೀಮೆಯ ಗುರುವಿಗೆ.