ಆಯ್ಕೆಯಿಲ್ಲದಲ್ಲಿ ಹೊಣೆಯೆಷ್ಟು? 2011ರ ರಿಲೇ ಪ್ರಕರಣದ ಶಿಕ್ಷೆಯ ಮರುಪರಿಶೀಲನೆ

ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿರುವ ಕ್ರೀಡಾ ನ್ಯಾಯ ಮಂಡಳಿ 2012ರಲ್ಲಿ ಭಾರತದ ಆರು ಮಂದಿ ಓಟಗಾರ್ತಿಯರ ನಿಷೇಧವನ್ನು ಒಂದು ವರ್ಷದಿಂದ ಎರಡು ವರ್ಷಕ್ಕೆ ಏರಿಸಿತು. ಕೋಚ್ ಕೊಟ್ಟ ಜಿನ್‌ಸೆಂಗ್ ಮಾತ್ರೆಯಿಂದ ದೇಹಕ್ಕೆ ಸ್ಟೆರಾಯ್ಡ್ ಸೇರಿತು ಎಂಬ ಅವರ ವಾದ ಶಿಕ್ಷೆ ತಗ್ಗಿಸಲು ಸಾಲಲಿಲ್ಲ. ನಾಲ್ಕು ವರ್ಷಗಳ ಬಳಿಕ ಅದೇ ಮಂಡಳಿ ಟೆನಿಸ್ ತಾರೆ ಮರಿಯಾ ಶರಪೋವಾ ಅವರ ಎರಡು ವರ್ಷದ ನಿಷೇಧವನ್ನು 15 ತಿಂಗಳಿಗೆ ಇಳಿಸಿತು. ನಿಷೇಧಿತ ಮದ್ದುಗಳ ಪಟ್ಟಿ ನೋಡುವ ಕೆಲಸವನ್ನು ಅವರು ತಮ್ಮ ಏಜೆಂಟ್‌ಗೆ ವಹಿಸಿದ್ದರು; ಹಾಗೆ ವಹಿಸುವುದೇ ತಪ್ಪಲ್ಲ ಎಂದು ಮಂಡಳಿ ಒಪ್ಪಿತು. ಈ ಎರಡು ತೀರ್ಪುಗಳನ್ನು ಒಟ್ಟಿಗಿಟ್ಟು ಓದಿದರೆ ಮೊದಲನೆಯದರ ತರ್ಕದಲ್ಲಿ ಒಂದು ಬಿರುಕು ಕಾಣುತ್ತದೆ. ಅದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪ್ರಕರಣದ ಸಂಗತಿಗಳು ಬಹುಮಟ್ಟಿಗೆ ನಿರ್ವಿವಾದ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 4x400 ಮೀಟರ್ ರಿಲೇಯಲ್ಲಿ ಮಂಜೀತ್ ಕೌರ್, ಸಿನಿ ಜೋಸ್, ಅಶ್ವಿನಿ ಅಕ್ಕುಂಜಿ ಮತ್ತು ಮನ್‌ದೀಪ್ ಕೌರ್ ಚಿನ್ನ ಗೆದ್ದರು. ಮುಂದಿನ ತಿಂಗಳು ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ನಾಲ್ವರು ಮತ್ತೆ ಮೊದಲಿಗರಾದರು. ಕುಂದಾಪುರ ತಾಲ್ಲೂಕಿನ ಸಿದ್ದಾಪುರದ ಅಶ್ವಿನಿ ಅಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲೂ 56.15 ಸೆಕೆಂಡುಗಳಲ್ಲಿ ಓಡಿ ಚಿನ್ನ ಪಡೆದರು. ವರ್ಷ ತುಂಬುವ ಮೊದಲೇ, 2011ರ ಜುಲೈನಲ್ಲಿ ಕೋಬೆಯಲ್ಲಿ ನಡೆಯಬೇಕಿದ್ದ ಏಷ್ಯನ್ ಚಾಂಪಿಯನ್‌ಷಿಪ್‌ನ ಹೊಸ್ತಿಲಲ್ಲಿ, ಅಶ್ವಿನಿ, ಸಿನಿ, ಮನ್‌ದೀಪ್ ಜೊತೆಗೆ ಜೌನಾ ಮುರ್ಮು, ಟಿಯಾನಾ ಮೇರಿ ಥಾಮಸ್ ಮತ್ತು ಪ್ರಿಯಾಂಕಾ ಪನ್ವಾರ್ ಅವರ ಹೆಸರುಗಳು ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ಪಟ್ಟಿಯಲ್ಲಿ ಬಂದವು. ಈ ಪ್ರಕರಣದ ಮಾದರಿಗಳಲ್ಲಿ ಪತ್ತೆಯಾದದ್ದು ಮೆಥಾಂಡಿಯೆನೋನ್ ಮತ್ತು ಸ್ಟನೊಜೊಲಾಲ್ ಎಂಬ ಸ್ಟೆರಾಯ್ಡ್‌ಗಳು. ಎರಡನೆಯದು 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೆನ್ ಜಾನ್ಸನ್ ಅವರ ಚಿನ್ನ ಕಸಿದದ್ದು.

ಓಟಗಾರ್ತಿಯರ ವಿವರಣೆ ಒಂದೇ ಆಗಿತ್ತು. ಪಟಿಯಾಲದ ರಾಷ್ಟ್ರೀಯ ಶಿಬಿರದಲ್ಲಿ ಉಕ್ರೇನಿನ ಕೋಚ್ ಯೂರಿ ಒಗೊರೊಡ್ನಿಕ್ ಚೀನಾದಿಂದ ತಂದ ಜಿನ್‌ಸೆಂಗ್ ಕೊಟ್ಟರು, ತಾವು ನುಂಗಿದೆವು ಎಂಬುದು. ಬೇಕೆಂದೇ ಮದ್ದು ಕೊಟ್ಟ ಆರೋಪವನ್ನು ಕೋಚ್ ನಿರಾಕರಿಸಿದರು. ಕ್ರೀಡಾ ಸಚಿವಾಲಯ ಅವರನ್ನು ಕೆಲಸದಿಂದ ತೆಗೆಯಿತು. ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದ, ಅಂದರೆ ನಾಡಾದ, ಶಿಸ್ತು ಸಮಿತಿ ಈ ವಿವರಣೆಯನ್ನು ನಂಬಿ ಒಂದು ವರ್ಷದ ನಿಷೇಧ ವಿಧಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಫೆಡರೇಷನ್ (ಐಎಎಎಫ್) ಮೇಲ್ಮನವಿ ಹೋಯಿತು, ಶಿಕ್ಷೆ ಇಮ್ಮಡಿಯಾಯಿತು.

ನಿಯಮದ ಚೌಕಟ್ಟಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಿಶ್ವ ಉದ್ದೀಪನ ಮದ್ದು ತಡೆ ಸಂಹಿತೆಯ ಬುನಾದಿ ಕಠಿಣ ಹೊಣೆಗಾರಿಕೆ. ಮಾದರಿಯಲ್ಲಿ ನಿಷೇಧಿತ ವಸ್ತು ಸಿಕ್ಕರೆ ಉಲ್ಲಂಘನೆ ಸಾಬೀತಾದಂತೆ. ಉದ್ದೇಶ ಏನಿತ್ತು ಎಂಬುದು ಆ ಹಂತದಲ್ಲಿ ಅಪ್ರಸ್ತುತ. ಕೈರೋದಲ್ಲಿ ವೈದ್ಯರು ಕೊಟ್ಟ ಔಷಧದಿಂದ ಸಿಕ್ಕಿಬಿದ್ದ ಅಮೆರಿಕದ ಶೂಟರ್ ಕ್ವಿಗ್ಲಿ ಅವರ 1995ರ ಪ್ರಕರಣದಿಂದ ಈಚೆಗೆ ಇದನ್ನು ಯಾರೂ ಗಂಭೀರವಾಗಿ ಅಲುಗಾಡಿಸಿಲ್ಲ. ತಪ್ಪಿನ ತೂಕ ಬರುವುದು ಶಿಕ್ಷೆಯ ಹಂತದಲ್ಲಿ. 2009ರ ಸಂಹಿತೆಯಂತೆ ಸ್ಟೆರಾಯ್ಡ್‌ಗೆ ಮೊದಲ ಬಾರಿಯ ಶಿಕ್ಷೆ ಎರಡು ವರ್ಷ. ವಸ್ತು ದೇಹಕ್ಕೆ ಸೇರಿದ ಬಗೆಯನ್ನು ತೋರಿಸಿ, ತನ್ನದು ಗಣನೀಯ ತಪ್ಪಲ್ಲ ಎಂದು ಸಾಬೀತುಪಡಿಸಿದವರಿಗೆ ಅದರ ಅರ್ಧದವರೆಗೆ ಇಳಿಸಬಹುದು. ಸಪ್ಲಿಮೆಂಟ್‌ಗಳ ಅಪಾಯವೂ ಆಗ ಹೊಸ ಸುದ್ದಿಯಾಗಿರಲಿಲ್ಲ. ಜರ್ಮನಿಯ ಕಲೋನ್ ಪ್ರಯೋಗಾಲಯದ ತಜ್ಞರು 13 ದೇಶಗಳಿಂದ ಕೊಂಡ 634 ಸಪ್ಲಿಮೆಂಟ್‌ಗಳನ್ನು ಪರೀಕ್ಷಿಸಿ, 94ರಲ್ಲಿ ಲೇಬಲ್‌ನಲ್ಲಿ ನಮೂದಿಸದ ಹಾರ್ಮೋನ್ ಅಂಶ ಕಂಡದ್ದನ್ನು 2004ರಲ್ಲೇ ಪ್ರಕಟಿಸಿದ್ದರು. ನೂರಕ್ಕೆ ಸುಮಾರು ಹದಿನೈದು.

ವಿವಾದವಿರುವುದು ಒಂದೇ ಅಂಶದಲ್ಲಿ: ಕೋಚ್‌ನ ತಪ್ಪನ್ನು ಓಟಗಾರ್ತಿಯ ಲೆಕ್ಕಕ್ಕೆ ಬರೆಯುವುದು ಯಾವ ಆಧಾರದ ಮೇಲೆ?

ಮಂಡಳಿಯ ಉತ್ತರ ನೇರವಾಗಿದೆ. ಹೇಳಿದಂತೆ ಮಾಡಿದೆ ಎಂದು ಬೇರೆಯವರ ಮೇಲೆ ಹೊಣೆ ಹೊರಿಸಲು ಬಿಟ್ಟರೆ ಮದ್ದು ತಡೆಯ ಹೋರಾಟವೇ ಕುಸಿಯುತ್ತದೆ. ಈ ಮಾತಿನಲ್ಲಿ ಬಲವಿದೆ. ಪೂರ್ವ ಜರ್ಮನಿಯಲ್ಲಿ ಕೋಚ್‌ಗಳು ಮತ್ತು ವೈದ್ಯರ ಕೈಯಿಂದಲೇ ಹದಿಹರೆಯದ ಹುಡುಗಿಯರಿಗೆ ಸ್ಟೆರಾಯ್ಡ್ ತಲುಪಿದ ಚರಿತ್ರೆ ತಿಳಿದವರು ಇದನ್ನು ಹಗುರವಾಗಿ ತಳ್ಳಿಹಾಕಲಾರರು. ಕೋಚ್ ಕೊಟ್ಟರೆ ವಿನಾಯಿತಿ ಎಂದಾದರೆ, ಮುಂದೆ ಎಲ್ಲ ಮದ್ದೂ ಕೋಚ್‌ಗಳ ಕೈಯಿಂದಲೇ ಬರುತ್ತದೆ. ಐಎಎಎಫ್‌ನ ಅಂದಿನ ನಿಯಮಗಳು ಇನ್ನೂ ಬಿಗಿಯಾಗಿದ್ದವು. ಬೇರೊಬ್ಬರು ತನಗೆ ತಿಳಿಯದಂತೆ ಕೊಟ್ಟರು, ಸಪ್ಲಿಮೆಂಟ್ ಕಲುಷಿತವಾಗಿತ್ತು ಎಂಬಂಥ ವಾದಗಳು ಸಾಮಾನ್ಯವಾಗಿ ವಿಶೇಷ ಸಂದರ್ಭ ಅನಿಸಿಕೊಳ್ಳುವುದಿಲ್ಲ ಎಂದು ಅವು ಹೇಳಿದ್ದವು.

ಆದರೆ ಸಂಹಿತೆಯ ಸ್ವಂತ ಟಿಪ್ಪಣಿ ಈ ಹೊಣೆಗೆ ಬೇರೊಂದು ಆಧಾರ ಕೊಡುತ್ತದೆ. ಸ್ವಂತ ವೈದ್ಯ ಅಥವಾ ತರಬೇತುದಾರ ಹೇಳದೆ ಮದ್ದು ಕೊಟ್ಟಾಗ ಕ್ರೀಡಾಪಟು ಪೂರ್ತಿ ನಿರ್ದೋಷಿಯಾಗುವುದಿಲ್ಲ; ಏಕೆಂದರೆ ತನ್ನ ವೈದ್ಯಕೀಯ ಸಿಬ್ಬಂದಿಯನ್ನು ಆರಿಸಿಕೊಂಡದ್ದಕ್ಕೆ, ತನ್ನ ಅನ್ನ ನೀರು ಮುಟ್ಟಲು ಬಿಟ್ಟವರ ನಡತೆಗೆ ಆಕೆಯೇ ಜವಾಬ್ದಾರಳು. ಮೇಲಾಗಿ ಇಂಥ ಸಂದರ್ಭಗಳಲ್ಲೂ ಪ್ರಕರಣದ ವಿಶಿಷ್ಟ ಸಂಗತಿಗಳನ್ನು ನೋಡಿ ಶಿಕ್ಷೆ ಇಳಿಸಬಹುದು ಎಂದು ಟಿಪ್ಪಣಿ ಬಾಗಿಲು ತೆರೆದಿಟ್ಟಿದೆ. ಹೊಣೆಯ ಬೇರು ಇರುವುದು ಆಯ್ಕೆಯಲ್ಲಿ ಮತ್ತು ಒಪ್ಪಿಗೆಯಲ್ಲಿ. ಶರಪೋವಾ ತೀರ್ಪು ಈ ತತ್ವವನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. ಕೆಲಸ ವಹಿಸಿಕೊಂಡವರ ಎಡವಟ್ಟನ್ನು ಅಳೆಯಬೇಕಿಲ್ಲ. ಅವರನ್ನು ಆರಿಸುವಾಗ, ಅವರಿಗೆ ಸೂಚನೆ ಕೊಡುವಾಗ, ಅವರ ಮೇಲೆ ಕಣ್ಣಿಡುವಾಗ ಕ್ರೀಡಾಪಟು ಎಷ್ಟು ಎಚ್ಚರ ತಪ್ಪಿದಳು ಎಂಬುದನ್ನು ಅಳೆಯಬೇಕು.

ಈ ಮೂರು ಅಳತೆಗಳನ್ನು ಪಟಿಯಾಲಕ್ಕೆ ತಂದು ನೋಡಬೇಕು. ಆಯ್ಕೆ? ಒಗೊರೊಡ್ನಿಕ್ ಅವರನ್ನು ನೇಮಿಸಿದ್ದು ವ್ಯವಸ್ಥೆ. ರಿಲೇ ತಂಡಕ್ಕೆ ಸೇರಬೇಕಾದರೆ ಅವರ ಶಿಬಿರದಲ್ಲೇ ಇರಬೇಕು. ಬೇರೆ ಕೋಚ್ ಬೇಕು ಎಂದು ಕೇಳುವ ಓಟಗಾರ್ತಿ ತಂಡದ ಜಾಗ ಕಳೆದುಕೊಳ್ಳಲು ಸಿದ್ಧಳಿರಬೇಕು. ಸೂಚನೆ? ಅಲ್ಲಿ ಅದು ಹರಿಯುವುದು ಒಂದೇ ದಿಕ್ಕಿಗೆ. ಬೆಳಗಿನ ಓಟದ ಸುತ್ತುಗಳಿಂದ ರಾತ್ರಿ ಊಟದ ನಂತರದ ಮಾತ್ರೆಯವರೆಗೆ ಹೇಳುವವರು ಅವರು, ಕೇಳುವವರು ಇವರು. ಮೇಲ್ವಿಚಾರಣೆ? ಏಜೆಂಟ್‌ಗೆ ಸಂಬಳ ಕೊಡುವ ಆಟಗಾರ್ತಿ ಆತನ ಲೆಕ್ಕ ಕೇಳಬಹುದು. ಮುಂದಿನ ಕೂಟಕ್ಕೆ ಹೆಸರು ಸೂಚಿಸುವ ಅಧಿಕಾರವಿರುವ ಕೋಚ್‌ನ ಲೆಕ್ಕವನ್ನು ಹಾಸ್ಟೆಲ್‌ನಲ್ಲಿರುವ ಇಪ್ಪತ್ತಮೂರರ ಹುಡುಗಿ ಕೇಳುವುದು ಹೇಗೆ? ಶರಪೋವಾ ಅವರಿಗೆ ಮೂರೂ ಸ್ವಾತಂತ್ರ್ಯ ಇದ್ದವು. ಮೂರರಲ್ಲಿ ಎರಡನ್ನು ಅವರು ಸರಿಯಾಗಿ ಬಳಸಲಿಲ್ಲ ಎಂದು ಮಂಡಳಿಯೇ ಹೇಳಿತು. ಆದರೂ ಒಂಬತ್ತು ತಿಂಗಳು ಇಳಿಯಿತು. ಮೂರೂ ಇಲ್ಲದವರಿಗೆ ಒಂದು ದಿನವೂ ಇಳಿಯಲಿಲ್ಲ.

ಹಾಗಾದರೆ ನಾಡಾ ಸಮಿತಿಯ ಒಂದು ವರ್ಷವೇ ಸರಿ ಎನ್ನಬಹುದೇ? ಅಷ್ಟು ದೂರ ಹೋಗಲು ಸಾಕ್ಷ್ಯ ಬಿಡುವುದಿಲ್ಲ. ಕೋಚ್‌ನ ಆಯ್ಕೆ ಕೈಯಲ್ಲಿರಲಿಲ್ಲ ಎಂದರೆ ಮಾತ್ರೆಯ ಆಯ್ಕೆಯೂ ಇರಲಿಲ್ಲ ಎಂದಾಗುವುದಿಲ್ಲ. ಉದ್ದೀಪನ ಮದ್ದು ಪರೀಕ್ಷೆಯ ಕೊಠಡಿಯನ್ನು ಹತ್ತಿರದಿಂದ ನೋಡಿದರೆ ಇದು ಮನದಟ್ಟಾಗುತ್ತದೆ. ಜೊತೆಗೆ ಬಂದ ಅಧಿಕಾರಿಣಿಯ ಕಣ್ಣೆದುರಿನಲ್ಲೇ ಓಟಗಾರ್ತಿ ಮೂತ್ರದ ಮಾದರಿ ಕೊಡಬೇಕು. ಮುಂದಿಟ್ಟ ಕಿಟ್‌ಗಳಲ್ಲಿ ಒಂದನ್ನು ತಾನೇ ಆರಿಸಿ, ಸೀಲ್ ಸರಿಯಿದೆಯೇ ನೋಡಿ, ಮಾದರಿಯನ್ನು ಎ ಮತ್ತು ಬಿ ಬಾಟಲಿಗಳಿಗೆ ತಾನೇ ಸುರಿದು ಮುಚ್ಚಳ ಬಿಗಿಯಬೇಕು. ಆಮೇಲೆ ನಮೂನೆಯಲ್ಲಿ ಕಳೆದ ಏಳು ದಿನಗಳಲ್ಲಿ ತೆಗೆದುಕೊಂಡ ಔಷಧ, ಸಪ್ಲಿಮೆಂಟ್‌ಗಳ ಹೆಸರು ಬರೆದು ಸಹಿ ಹಾಕಬೇಕು. ಈ ಕ್ರಮವನ್ನು ಮತ್ತೆ ಮತ್ತೆ ಹಾದುಬಂದ ಅಂತರರಾಷ್ಟ್ರೀಯ ಓಟಗಾರ್ತಿಗೆ, ನುಂಗಿದ ಪ್ರತಿಯೊಂದಕ್ಕೂ ತಾನು ಉತ್ತರ ಕೊಡಬೇಕು ಎಂಬುದು ತಿಳಿಯದ ಸಂಗತಿಯಲ್ಲ. ತಂಡದ ವೈದ್ಯರನ್ನು ಕೇಳಬಹುದಿತ್ತು. ಮಾತ್ರೆಯ ಬಾಟಲಿಯನ್ನು ಮುಟ್ಟದಿರಬಹುದಿತ್ತು.

ಇನ್ನೂ ಎರಡು ಸಂಗತಿಗಳು ಹೋಲಿಕೆಯನ್ನು ದುರ್ಬಲಗೊಳಿಸುತ್ತವೆ. ಶರಪೋವಾ ವರ್ಷಗಟ್ಟಲೆ ಬಳಸಿದ ಮೆಲ್ಡೋನಿಯಂ 2015ರವರೆಗೆ ನಿಷೇಧಿತ ಪಟ್ಟಿಯಲ್ಲೇ ಇರಲಿಲ್ಲ. 2016ರ ಜನವರಿ 1ರಂದು ಸೇರಿತು, ಅದೇ ತಿಂಗಳು ಅವರು ಸಿಕ್ಕಿಬಿದ್ದರು. ಮೆಥಾಂಡಿಯೆನೋನ್ ದಶಕಗಳಿಂದ ನಿಷೇಧಿತ. ಎರಡನೆಯದು, ಪ್ರಿಯಾಂಕಾ ಪನ್ವಾರ್ 2016ರಲ್ಲಿ ಬೇರೊಂದು ಉದ್ದೀಪಕಕ್ಕೆ ಮತ್ತೆ ಸಿಕ್ಕಿಬಿದ್ದು ಎಂಟು ವರ್ಷದ ನಿಷೇಧಕ್ಕೆ ಒಳಗಾದರು. ಮೊದಲ ಪ್ರಕರಣದ ತಪ್ಪನ್ನು ನಂತರದ ಪ್ರಕರಣದಿಂದ ಅಳೆಯುವುದು ನ್ಯಾಯವಲ್ಲ. ಆದರೂ ಆರೂ ಜನರನ್ನು ಒಂದೇ ತಕ್ಕಡಿಯಲ್ಲಿ ತೂಗಿದ್ದರ ಬಗ್ಗೆ ಅದು ಪ್ರಶ್ನೆ ಎಬ್ಬಿಸುತ್ತದೆ. ಆರೂ ಜನರಿಗೆ ಒಂದೇ ವರ್ಷ ಎಂದ ಸಮಿತಿಗೂ ಎರಡೇ ವರ್ಷ ಎಂದ ಮಂಡಳಿಗೂ ಆ ಪ್ರಶ್ನೆ ತಟ್ಟುತ್ತದೆ.

ಈ ಎಲ್ಲ ಮಿತಿಗಳನ್ನು ಒಪ್ಪಿಕೊಂಡೇ ಲೇಖನದ ಮುಖ್ಯ ವಾದವನ್ನು ಮುಂದಿಡಬೇಕು. ಸರಕಾರಿ ಶಿಬಿರದಲ್ಲಿ ನೇಮಕಗೊಂಡ ಕೋಚ್‌ನ ಕೈಯಿಂದ ಬಂದ ವಸ್ತುವಿನ ಪ್ರಕರಣದಲ್ಲಿ, ಬಂದ ಮೂಲವನ್ನು ನ್ಯಾಯಪೀಠ ಒಪ್ಪಿದ್ದರೆ ಮತ್ತು ಗುಟ್ಟು ಮುಚ್ಚಿಟ್ಟ ಕುರುಹು ಇಲ್ಲದಿದ್ದರೆ, ಅವಲಂಬನೆಯನ್ನು ತಪ್ಪು ತಗ್ಗಿಸುವ ಸ್ವತಂತ್ರ ಅಂಶವಾಗಿ ಎಣಿಸುವುದು ಸಂಹಿತೆಯ ಟಿಪ್ಪಣಿಗೆ ಹೆಚ್ಚು ನಿಷ್ಠವಾದ ಓದು ಎನಿಸುತ್ತದೆ. ಪೂರ್ತಿ ವಿನಾಯಿತಿ ಕೊಡಬೇಕೆಂದು ಇದರ ಅರ್ಥವಲ್ಲ. ಕನಿಷ್ಠ ಶಿಕ್ಷೆಯೇ ಸಾಕೆಂದೂ ಅಲ್ಲ. ಒಂದು ವರ್ಷ ಮತ್ತು ಎರಡು ವರ್ಷಗಳ ನಡುವೆ ನಿಯಮವೇ ಕೊಟ್ಟ ಹನ್ನೆರಡು ತಿಂಗಳ ಜಾಗ ಖಾಲಿ ಉಳಿಯಿತು; ಸಮಿತಿ ಒಂದು ತುದಿಗೆ ಹೋಯಿತು, ಮಂಡಳಿ ಇನ್ನೊಂದು ತುದಿಗೆ. ಪ್ರತಿಯೊಬ್ಬಳ ವಯಸ್ಸು, ಅನುಭವ, ತರಬೇತಿ, ಭಾಷೆಯ ತೊಡಕು ನೋಡಿ ಆ ಜಾಗದಲ್ಲಿ ಬೇರೆ ಬೇರೆ ಬಿಂದುಗಳನ್ನು ಗುರುತಿಸಬಹುದಿತ್ತು. ಮರುವರ್ಷವೇ, 2013ರಲ್ಲಿ, ಟೆನಿಸ್ ಆಟಗಾರ ಮರಿನ್ ಚಿಲಿಚ್ ಅವರ ಪ್ರಕರಣದಲ್ಲಿ ಮಂಡಳಿ ಇದೇ ಬಗೆಯ ಅಂಶಗಳನ್ನು ಪಟ್ಟಿ ಮಾಡಿತು; ಭಾಷೆ ಮತ್ತು ಪರಿಸರದ ತೊಂದರೆಗಳೂ ಅದರಲ್ಲಿದ್ದವು. ರಿಲೇ ಪ್ರಕರಣ ಒಂದು ವರ್ಷ ತಡವಾಗಿ ಬಂದಿದ್ದರೆ ಕನಿಷ್ಠ ಚರ್ಚೆಯ ದಾರಿ ಬೇರೆಯಾಗುತ್ತಿತ್ತು ಎಂದು ಊಹಿಸಲು ಅವಕಾಶವಿದೆ. ಆದರೆ ಚಿಲಿಚ್ ಪ್ರಕರಣದ ವಸ್ತು ಸ್ಟೆರಾಯ್ಡ್ ಅಲ್ಲ, ನಿರ್ದಿಷ್ಟ ವಸ್ತುಗಳ ಸಡಿಲ ವರ್ಗಕ್ಕೆ ಸೇರಿದ್ದು ಎಂಬುದನ್ನು ಮರೆಯುವಂತಿಲ್ಲ.

ಸಂಹಿತೆಯ ನಂತರದ ಬೆಳವಣಿಗೆ ಈ ಓದಿಗೆ ಭಾಗಶಃ ಬೆಂಬಲ ಕೊಡುತ್ತದೆ. ಒಬ್ಬನೇ ಸಿಬ್ಬಂದಿಯ ಕೈಕೆಳಗಿನ ಒಂದಕ್ಕಿಂತ ಹೆಚ್ಚು ಕ್ರೀಡಾಪಟುಗಳು ಸಿಕ್ಕಿಬಿದ್ದರೆ ಆ ಸಿಬ್ಬಂದಿಯ ವಿಚಾರಣೆ ತಾನಾಗಿಯೇ ಆರಂಭವಾಗಬೇಕು ಎಂದು 2015ರ ಆವೃತ್ತಿ ವಿಧಿಸಿತು. 2021ರ ಆವೃತ್ತಿ ಎಳೆಯರನ್ನು ಸಂರಕ್ಷಿತ ವ್ಯಕ್ತಿಗಳೆಂದು ಪ್ರತ್ಯೇಕಿಸಿತು. ತಪ್ಪು ನಿಯಂತ್ರಣದ ಶಕ್ತಿಗೆ ತಕ್ಕಂತೆ ಬದಲಾಗುತ್ತದೆ ಎಂಬುದನ್ನು ಎರಡೂ ಒಪ್ಪುತ್ತವೆ. ಶಿಬಿರದ ವಯಸ್ಕ ಓಟಗಾರ್ತಿ ಮಾತ್ರ ಯಾವ ವರ್ಗಕ್ಕೂ ಸೇರದೆ ಉಳಿದಿದ್ದಾಳೆ.

ಭಾರತದ ಮಟ್ಟಿಗೆ ಇದು ಹಳೆಯ ಕಡತದ ಪ್ರಶ್ನೆಯಲ್ಲ. ಮೊದಲ ಹಂತದಲ್ಲಿ ಮೃದು, ಮೇಲ್ಮನವಿಯಲ್ಲಿ ಕಠಿಣ ಎಂಬ ಏರಿಳಿತ ಮರುಕಳಿಸುತ್ತಲೇ ಇದೆ. ಕುಸ್ತಿಪಟು ನರಸಿಂಗ್ ಯಾದವ್ ಮೆಥಾಂಡಿಯೆನೋನ್‌ಗೇ ಸಿಕ್ಕಿಬಿದ್ದಾಗ ಯಾರೋ ಬೆರೆಸಿದ್ದಾರೆಂಬ ವಾದ ಒಪ್ಪಿ ನಾಡಾ ಸಮಿತಿ ದೋಷಮುಕ್ತಗೊಳಿಸಿತು. 2016ರ ಆಗಸ್ಟ್‌ನಲ್ಲಿ ರಿಯೊದಲ್ಲೇ ಕ್ರೀಡಾ ನ್ಯಾಯ ಮಂಡಳಿ ನಾಲ್ಕು ವರ್ಷದ ನಿಷೇಧ ಹೇರಿತು. ಮಂಗಳೂರಿನ ಓಟಗಾರ್ತಿ ಎಂ.ಆರ್. ಪೂವಮ್ಮ ಅವರಿಗೆ ಶಿಸ್ತು ಸಮಿತಿ ಕೊಟ್ಟ ಮೂರು ತಿಂಗಳನ್ನು 2022ರಲ್ಲಿ ನಾಡಾದ ಮೇಲ್ಮನವಿ ಸಮಿತಿ ಎರಡು ವರ್ಷ ಮಾಡಿತು. ತಪ್ಪನ್ನು ಅಳೆಯುವ ಕೋಲು ಹಂತದಿಂದ ಹಂತಕ್ಕೆ ಬದಲಾದರೆ ಕ್ರೀಡಾಪಟುವಿಗೂ ನ್ಯಾಯ ಸಿಗುವುದಿಲ್ಲ, ಶುದ್ಧವಾಗಿ ಓಡಿ ಸೋತವಳಿಗೂ ಸಿಗುವುದಿಲ್ಲ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ 2023ರ ಅಂಕಿಅಂಶದಲ್ಲಿ ಭಾರತದ 5,606 ಮಾದರಿಗಳ ಪೈಕಿ 214ರಲ್ಲಿ ನಿಷೇಧಿತ ವಸ್ತು ಪತ್ತೆಯಾದದ್ದು ದಾಖಲಾಗಿದೆ. ಹೆಚ್ಚು ಪರೀಕ್ಷೆ ನಡೆಸುವ ದೇಶಗಳಲ್ಲಿ ಇಷ್ಟು ಪ್ರಮಾಣ ಬೇರೆಲ್ಲೂ ಇಲ್ಲದಿರುವಾಗ, ಆ ಮಾದರಿಗಳ ಹಿಂದಿನ ಕೈಗಳನ್ನು ವಿಚಾರಿಸದೆ ಕ್ರೀಡಾಪಟುವಿನಲ್ಲೇ ಕಡತ ಮುಚ್ಚುವುದು ಸರಿಯಲ್ಲ.

ಕೆಲವು ಪ್ರಶ್ನೆಗಳು ಇಲ್ಲಿ ತೀರ್ಮಾನವಾಗದೆ ಉಳಿಯುತ್ತವೆ. ಅವಲಂಬನೆಯನ್ನು ಎಣಿಸುವುದಾದರೆ ಅದಕ್ಕೆ ಪುರಾವೆ ಯಾವುದು: ಶಿಬಿರದ ಒಪ್ಪಂದವೇ, ಸಪ್ಲಿಮೆಂಟ್ ವಿತರಣೆಯ ದಾಖಲೆಯೇ, ಸಹ ಓಟಗಾರ್ತಿಯರ ಸಾಕ್ಷ್ಯವೇ? ಖಾಸಗಿ ಅಕಾಡೆಮಿಯಲ್ಲಿ ಶುಲ್ಕ ಕೊಟ್ಟು ಕಲಿಯುವವರಿಗೆ ಈ ವಾದ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ? ಕೋಚ್‌ಗಳು ಇದನ್ನೇ ಗುರಾಣಿ ಮಾಡಿಕೊಳ್ಳದಂತೆ ತಡೆಯಲು, ಓಟಗಾರ್ತಿಯ ಶಿಕ್ಷೆ ಇಳಿದಷ್ಟೂ ಕೊಟ್ಟವರ ಶಿಕ್ಷೆ ಏರಬೇಕೆಂಬ ನಿಯಮ ಸಾಧ್ಯವೇ? 2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆಯಡಿ ರಚನೆಯಾದ ಸಮಿತಿಗಳ ತೀರ್ಪುಗಳನ್ನು ಒಂದೊಂದಾಗಿ ಓದಿ, ಮೂಲವಾಗಿ ಕೋಚ್‌ನ ಹೆಸರು ಬಂದ ಪ್ರಕರಣಗಳನ್ನು ಬೇರ್ಪಡಿಸಿ ನೋಡುವ ಅಧ್ಯಯನ ನಡೆದರೆ ಈ ಪ್ರಶ್ನೆಗಳಲ್ಲಿ ಮೊದಲನೆಯದಕ್ಕಾದರೂ ಉತ್ತರ ಸಿಕ್ಕೀತು.