ಮಾಧವ ಗಾಡ್ಗೀಳರೂ ಪಶ್ಚಿಮಘಟ್ಟಗಳ ಅರಣ್ಯವಿಚಾರವೂ

೧

ಕ್ರಿ. ಶ. ೧೮೦೧ರಲ್ಲಿ ಕನ್ನಡ ಜಿಲ್ಲೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು, ಅಲ್ಲಿನ ಕಾಡುಗಳು ಆಯಾ ಊರಿನ ದೇವತೆಗಳ ಸ್ವತ್ತೆಂದೂ, ಗೌಡನ ಅಪ್ಪಣೆಯಿಲ್ಲದೆ ಅವುಗಳಲ್ಲಿ ಮರ ಕಡಿಯಕೂಡದೆಂದೂ, ಆ ಗೌಡನೇ ಗ್ರಾಮದೇವತೆಯ ಅರ್ಚಕನೂ ಆಗಿರುವನೆಂದೂ ತನ್ನ ಪ್ರವಾಸಗ್ರಂಥದಲ್ಲಿ ಬರೆದಿದ್ದಾನೆ. ಕಾಡಿನ ಮೇಲೆ ಸರ್ಕಾರವು ಹಕ್ಕು ಹೂಡದಂತೆ ತಡೆಯುವುದಕ್ಕಾಗಿ ಜನರು ಕಲ್ಪಿಸಿಕೊಂಡ ಉಪಾಯವಿದು ಎಂದು ಅವನ ಊಹೆ. ಮುಂದಿನ ಅರಣ್ಯಾಡಳಿತವು ನಡೆದುದು ಬಹುಮಟ್ಟಿಗೆ ಈ ಊಹೆಯ ಜಾಡಿನಲ್ಲಿಯೇ. ಕಾಡನ್ನು ಬಲ್ಲವರು ಅಧಿಕಾರಿಗಳು, ಕೆಡಿಸುವವರು ಗ್ರಾಮಸ್ಥರು ಎಂಬ ಭಾವನೆಯು ೧೮೭೮ರ ಭಾರತೀಯ ಅರಣ್ಯ ಕಾಯಿದೆಯ ಮೂಲಕ ಶಾಸನದಲ್ಲಿ ಬೇರೂರಿತು.

ಬುಕಾನನನ ಅದೇ ಮಾತುಗಳನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮತ್ತೆ ಓದಿ, ಅವುಗಳಲ್ಲಿ ಉಪಾಯವನ್ನಲ್ಲದೆ ಸಂರಕ್ಷಣೆಯ ಕಟ್ಟಳೆಯನ್ನು ಕಂಡವರು ಪರಿಸರಶಾಸ್ತ್ರಜ್ಞರಾದ ಮಾಧವ ಗಾಡ್ಗೀಳರು. ಕಾಡನ್ನು ಬಲ್ಲವರಾರು, ಅದರ ವಿಷಯದಲ್ಲಿ ತೀರ್ಮಾನಿಸತಕ್ಕವರಾರು ಎಂಬ ಎರಡು ಪ್ರಶ್ನೆಗಳು ಅವರ ವಿದ್ವಜ್ಜೀವನವನ್ನು ಆದ್ಯಂತವಾಗಿ ಹೆಣೆದುಕೊಂಡಿವೆ. ಮೊದಲನೆಯ ಪ್ರಶ್ನೆಗೆ ಅವರು ಕೊಟ್ಟ ಉತ್ತರವು ವಿದ್ವಾಂಸರಲ್ಲಿ ಮನ್ನಣೆ ಪಡೆಯಿತು. ಎರಡನೆಯದಕ್ಕೆ ಕೊಟ್ಟ ಉತ್ತರವು ರಾಜ್ಯನೀತಿಯಲ್ಲಿ ಸಲ್ಲದೆ ಹೋಯಿತು. ಈ ಅಂತರಕ್ಕೆ ಕಾರಣವೇನೆಂಬುದು ವಿಚಾರಣೀಯವಾಗಿದೆ.

೨

ಗಾಡ್ಗೀಳರು ೧೯೪೨ರ ಮೇ ೨೪ರಂದು ಪುಣೆಯಲ್ಲಿ ಜನಿಸಿದರು. ತಂದೆ ಧನಂಜಯರಾವ್ ಗಾಡ್ಗೀಳರು ಪ್ರಖ್ಯಾತ ಅರ್ಥಶಾಸ್ತ್ರಜ್ಞರು. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು ನೆರೆಮನೆಯವರು. ಪುಣೆ, ಬೊಂಬಾಯಿಗಳಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಾಸಮಾಡಿ, ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಗಣಿತಾತ್ಮಕ ಪರಿಸರಶಾಸ್ತ್ರವನ್ನು ಕುರಿತ ಪ್ರಬಂಧಕ್ಕೆ ೧೯೬೯ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಜೀವಿಯು ತನ್ನ ಶಕ್ತಿಯನ್ನು ಬೆಳವಣಿಗೆ, ಉಳಿವು, ಸಂತಾನೋತ್ಪತ್ತಿ ಇವುಗಳಿಗೆ ಹೇಗೆ ಹಂಚಿಕೊಳ್ಳುತ್ತದೆಂಬುದನ್ನು ನಿರೂಪಿಸಿ, ವಿಲಿಯಂ ಬಾಸರ್ಟರೊಡನೆ ೧೯೭೦ರಲ್ಲಿ ಪ್ರಕಟಿಸಿದ ಲೇಖನವು ಆ ಶಾಸ್ತ್ರದಲ್ಲಿ ಪ್ರಮಾಣವೆನಿಸಿತು. ಹೀಗಿದ್ದರೂ ೧೯೭೧ರಲ್ಲಿ ಅವರು ಸ್ವದೇಶಕ್ಕೆ ಮರಳಿದರು.

ಪುಣೆಯಲ್ಲಿ ಸಸ್ಯಶಾಸ್ತ್ರಜ್ಞ ವಾ. ದ. ವರ್ತಕರೊಡನೆ ಅವರು ಸಹ್ಯಾದ್ರಿಯ ದೇವರಬನಗಳನ್ನು ಪರಿಶೀಲಿಸತೊಡಗಿದರು. ಶ್ರೀವರ್ಧನ ತಾಲ್ಲೂಕಿನ ಗಾಣಿ ಎಂಬ ಗ್ರಾಮದವರು ತಮ್ಮ ಬನವು ಕಡಿತಕ್ಕೆ ಗುರುತಾಗಿರುವುದೆಂದು ಈ ಸಂಶೋಧಕರಲ್ಲಿ ಮೊರೆಯಿಟ್ಟರು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಅವರು ಮುಂದೊಡ್ಡಿದ ಕಾರಣ ದೇವತೆಯ ಕೋಪವೊಂದೇ ಅಲ್ಲ. ಬನವು ಹೋದರೆ ಅದರಿಂದ ಹೊರಡುವ ಹಳ್ಳವು ಬತ್ತುವುದೆಂಬ ಲೌಕಿಕ ಕಾರಣವೂ ಹೌದು. ಬುಕಾನನನು ನಂಬಿಕೆಯ ಹಿಂದೆ ಸ್ವತ್ತಿನ ಯುಕ್ತಿಯನ್ನು ಕಂಡಿದ್ದನು. ಇವರಿಗೆ ಅದೇ ನಂಬಿಕೆಯ ಹಿಂದೆ ನೀರಿನ ವಿವೇಕವು ಕಂಡಿತು. ಈ ಸಂಶೋಧನೆಯ ಲೇಖನವು ೧೯೭೬ರಲ್ಲಿ ಹೊರಬಂದಿತು.

೩

೧೯೭೩ರಲ್ಲಿ ಗಾಡ್ಗೀಳರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಮೂವತ್ತು ವರ್ಷಗಳಿಗೂ ಮೀರಿ ಅಲ್ಲಿದ್ದರು. ಅಲ್ಲಿನ ಪರಿಸರ ವಿಜ್ಞಾನ ಕೇಂದ್ರವು ಅವರ ನೇತೃತ್ವದಲ್ಲಿ ಸ್ಥಾಪಿತವಾಯಿತು. ಆನೆಗಳ ಶಾಸ್ತ್ರೀಯ ಅಧ್ಯಯನದಿಂದ ಪ್ರಸಿದ್ಧರಾದ ರಾಮನ್ ಸುಕುಮಾರರು ಅವರ ಶಿಷ್ಯರು. ಆದರೆ ಅವರ ವಿಚಾರಕ್ಕೆ ತಿರುವು ಕೊಟ್ಟುದು ಪ್ರಯೋಗಶಾಲೆಯಲ್ಲ, ಉತ್ತರ ಕನ್ನಡದ ಬಿದಿರುಮೆಳೆ.

ಕಾಗದದ ಕಾರ್ಖಾನೆಗಳಿಗೆ ಸರ್ಕಾರವು ಬಹು ಅಲ್ಪ ದರಕ್ಕೆ ಬಿದಿರನ್ನು ಒದಗಿಸುತ್ತಿದ್ದಿತು. ಬುಟ್ಟಿ ಹೆಣೆಯುವ ಮೇದಾರರಿಗೆ ಬಿದಿರು ದುರ್ಲಭವಾಗಿ ದೂರುಗಳು ಹುಟ್ಟಲು, ಕರ್ನಾಟಕ ಸರ್ಕಾರವು ೧೯೭೦ರ ದಶಕದ ನಡುವೆ ಗಾಡ್ಗೀಳರಿಂದ ವರದಿಯನ್ನು ಅಪೇಕ್ಷಿಸಿತು. ಜನರೂ ದನಗಳೂ ಕಾಡನ್ನು ಹೊಕ್ಕು ಕೆಡಿಸುವುದೇ ಬಿದಿರಿನ ನಾಶಕ್ಕೆ ಕಾರಣವೆಂಬುದು ಅಲ್ಲಿಯ ವರೆಗಿನ ರೂಢಿಯ ಸಮಾಧಾನ. ಗಾಡ್ಗೀಳರೂ ಎಸ್. ನರೇಂದ್ರಪ್ರಸಾದರೂ ಕಾಡನ್ನು ಸುತ್ತಿ ಮೆಳೆಗಳನ್ನು ಎಣಿಸಿದಾಗ ತೋರಿದ ಕಾರಣವು ಬೇರೆ. ಬಿದಿರುಮೆಳೆಯ ಬುಡದಲ್ಲಿ ಮುಳ್ಳುಕೊಂಬೆಗಳು ದಟ್ಟವಾಗಿ ಹೆಣೆದುಕೊಂಡಿರುತ್ತವೆ. ಗಳುಗಳು ಇಕ್ಕಟ್ಟಿಲ್ಲದೆ ಬೆಳೆಯಲೆಂದು ಈ ಮುಳ್ಳನ್ನು ಸವರಿಹಾಕಬೇಕೆಂಬುದು ಅರಣ್ಯಶಾಸ್ತ್ರದ ವಿಧಿ. ಹಾಗೆ ಸವರಿದಾಗ, ಮಳೆಗಾಲದಲ್ಲಿ ಮೂಡುವ ಎಳೆಯ ಕಳಲೆಗಳು ದನಗಳಿಗೂ ಕಾಡುಪ್ರಾಣಿಗಳಿಗೂ ಸುಲಭವಾಗಿ ತುತ್ತಾಗುತ್ತಿದ್ದವು. ಮುಳ್ಳು ಮೆಳೆಗೆ ಭಾರವಲ್ಲ, ಬೇಲಿ. ಇದನ್ನು ಹಳ್ಳಿಯವರು ಮೊದಲೇ ಬಲ್ಲವರಾಗಿದ್ದರು, ಅವರನ್ನು ಕೇಳಿದವರಿರಲಿಲ್ಲ.

ಈ ಪ್ರಸಂಗವು ಅಲ್ಪವೆಂದು ತೋರಿದರೂ ಅದರ ಫಲಿತಾರ್ಥವು ದೊಡ್ಡದು. ಹಳ್ಳಿಗರ ಮಾತನ್ನು ಗಾಡ್ಗೀಳರು ನಂಬಿಕೆಯೆಂದು ಗೌರವಿಸಿ ಬಿಡಲಿಲ್ಲ. ಪರೀಕ್ಷೆಗೆ ಅರ್ಹವಾದ ಪಕ್ಷವೆಂದು ಸ್ವೀಕರಿಸಿ, ಎಣಿಸಿ, ಅಳೆದು, ನಿಜವೆಂದು ತೋರಿಸಿದರು. ಹೀಗೆ ಸ್ಥಳೀಯ ಜ್ಞಾನವು ಶಾಸ್ತ್ರದೊಳಗೆ ಪ್ರಮಾಣದ ಸ್ಥಾನವನ್ನು ಪಡೆಯಿತು. ರಾಮಚಂದ್ರ ಗುಹಾ ಅವರೊಡನೆ ಕೂಡಿ ಅವರು ೧೯೯೨ರಲ್ಲಿ ಪ್ರಕಟಿಸಿದ ಭಾರತದ ಪರಿಸರಚರಿತ್ರೆಯ ಗ್ರಂಥವು ಇದೇ ದೃಷ್ಟಿಯನ್ನು ದೇಶದ ಇತಿಹಾಸಕ್ಕೆ ವಿಸ್ತರಿಸಿತು.

೪

ಇನ್ನು ರಾಜ್ಯನೀತಿಯ ವಿಷಯ. ೧೯೮೬ರಲ್ಲಿ ಘೋಷಿತವಾದ, ೫,೫೨೦ ಚದರ ಕಿಲೋಮೀಟರು ವಿಸ್ತಾರದ ನೀಲಗಿರಿ ಜೀವಮಂಡಲವು ದೇಶದಲ್ಲಿ ಆ ಬಗೆಯ ಮೊದಲನೆಯದು. ಅದರ ಯೋಜನೆಯಲ್ಲಿ ಗಾಡ್ಗೀಳರ ಪಾತ್ರವು ಮುಖ್ಯವಾದುದು. ಅದೇ ವರ್ಷದಿಂದ ೧೯೯೦ರ ವರೆಗೆ ಅವರು ಪ್ರಧಾನಮಂತ್ರಿಗಳ ವಿಜ್ಞಾನ ಸಲಹಾ ಮಂಡಲಿಯ ಸದಸ್ಯರಾಗಿದ್ದರು. ಊರಿನ ಗಿಡ, ಮರ, ಮೀನು, ಹಕ್ಕಿ, ಔಷಧಗಳನ್ನೂ ಅವುಗಳ ಬಳಕೆಯ ಕಟ್ಟಳೆಗಳನ್ನೂ ಊರವರೇ ದಾಖಲಿಸುವ ಜನತಾ ಜೀವವೈವಿಧ್ಯ ದಾಖಲೆಗಳ ಕಾರ್ಯವು ಅವರ ಪ್ರೇರಣೆಯಿಂದ ೧೯೯೦ರ ದಶಕದಲ್ಲಿ ನಡೆಯಿತು. ೨೦೦೨ರ ಜೀವವೈವಿಧ್ಯ ಕಾಯಿದೆಯೂ ಅದರ ನಿಯಮಗಳೂ ಸ್ಥಳೀಯ ಸಮಿತಿಗಳಿಗೆ ಈ ಕೆಲಸವನ್ನು ವಿಧಿಸಿದವು.

ಕೇಂದ್ರಸರ್ಕಾರವು ೨೦೧೦ರ ಮಾರ್ಚಿಯಲ್ಲಿ ಅವರ ಅಧ್ಯಕ್ಷತೆಯಲ್ಲಿ ಪಶ್ಚಿಮಘಟ್ಟಗಳ ತಜ್ಞಮಂಡಲಿಯನ್ನು ನೇಮಿಸಿತು. ೨೦೧೧ರ ಆಗಸ್ಟಿನಲ್ಲಿ ಸಲ್ಲಿಸಿದ ವರದಿಯು ಇಡೀ ಘಟ್ಟವನ್ನು ಸೂಕ್ಷ್ಮಪ್ರದೇಶವೆಂದು ಎಣಿಸಿ, ಸೂಕ್ಷ್ಮತೆಯ ತಾರತಮ್ಯದಂತೆ ಮೂರು ವಲಯಗಳನ್ನಾಗಿ ವಿಂಗಡಿಸಿತು. ಹಾಸನ ಜಿಲ್ಲೆಯ ಗುಂಡ್ಯ ಜಲವಿದ್ಯುತ್ ಯೋಜನೆಗೆ ಒಪ್ಪಿಗೆ ಕೊಡಬಾರದೆಂದಿತು. ಆದರೆ ಈ ವಲಯಗಳೇ ಕೊನೆಯ ಮಾತಲ್ಲ. ವರದಿಯನ್ನು ದೇಶಭಾಷೆಗಳಿಗೆ ಪರಿವರ್ತಿಸಿ, ಗ್ರಾಮಸಭೆಗಳಲ್ಲಿ ಚರ್ಚಿಸಿ, ಅವುಗಳ ಅಭಿಪ್ರಾಯದಂತೆ ಗಡಿಗಳನ್ನು ನಿಶ್ಚಯಿಸತಕ್ಕದ್ದೆಂಬುದು ಅದರ ಆಶಯ.

ನಡೆದುದು ಇದಕ್ಕೆ ವಿಪರೀತ. ಇಂಗ್ಲಿಷಿನಲ್ಲಿದ್ದ ವರದಿಯನ್ನು ಸಚಿವಾಲಯವು ತಡೆದಿಟ್ಟಿತು. ಕೇಂದ್ರ ಮಾಹಿತಿ ಆಯೋಗದ ಆಜ್ಞೆಯಾಗಿ, ದೆಹಲಿಯ ಉಚ್ಚ ನ್ಯಾಯಾಲಯದಲ್ಲಿಯೂ ಸಚಿವಾಲಯದ ವಾದವು ನಿಲ್ಲದೆ ಹೋದ ಮೇಲೆ, ೨೦೧೨ರ ಮೇ ತಿಂಗಳಲ್ಲಿ ಅದು ಬೆಳಕು ಕಂಡಿತು. ಅದೇ ವರ್ಷ ನೇಮಕವಾದ ಕಸ್ತೂರಿರಂಗನ್ ಸಮಿತಿಯು ೨೦೧೩ರಲ್ಲಿ, ಉಪಗ್ರಹಚಿತ್ರಗಳ ನೆರವಿನಿಂದ ಘಟ್ಟಪ್ರದೇಶದ ಶೇಕಡ ೩೭ ಭಾಗವನ್ನು ಮಾತ್ರ ಸೂಕ್ಷ್ಮಪ್ರದೇಶವೆಂದು ಸೂಚಿಸಿತು. ೨೦೧೪ರಿಂದ ೨೦೨೪ರ ವರೆಗೆ ಆರು ಬಾರಿ ಕರಡು ಅಧಿಸೂಚನೆಗಳು ಹೊರಟವು; ಆ ಅವಧಿಯಲ್ಲಿ ಒಂದೂ ಅಂತಿಮವಾಗಲಿಲ್ಲ.

೫

ಈ ವಿಷಯದಲ್ಲಿ ಪೂರ್ವಪಕ್ಷವು ದುರ್ಬಲವಾದುದೇನಲ್ಲ. ಗ್ರಾಮವು ಏಕಮನಸ್ಸಿನ ಸಮುದಾಯವಲ್ಲ. ಅದರಲ್ಲಿ ಭೂಮಿಯುಳ್ಳವರೂ ಇಲ್ಲದವರೂ, ಮೇಲುಜಾತಿಯವರೂ ಕೆಳಗಾದವರೂ ಇರುತ್ತಾರೆ. ದೇವರಬನಗಳನ್ನು ಊರವರೇ ಕಡಿದು ಮಾರಿದ ಉದಾಹರಣೆಗಳೂ ಉಂಟು. ಕೇರಳದ ಬೆಟ್ಟದ ಜಿಲ್ಲೆಗಳಲ್ಲಿಯೂ ಕೊಡಗು ಮಲೆನಾಡುಗಳಲ್ಲಿಯೂ ಕೃಷಿಕರು ಈ ವರದಿಗಳನ್ನು ತೀವ್ರವಾಗಿ ವಿರೋಧಿಸಿದರು. ಗ್ರಾಮಸಭೆಯೇ ಪ್ರಮಾಣವಾದರೆ, ಅದು ಸಂರಕ್ಷಣೆಯನ್ನು ನಿರಾಕರಿಸಿದಾಗ ಗತಿಯೇನು ಎಂಬ ಪ್ರಶ್ನೆಗೆ ವರದಿಯಲ್ಲಿ ಪೂರ್ಣವಾದ ಸಮಾಧಾನವಿಲ್ಲ. ೨೦೧೮ರ ಕೇರಳದ ಪ್ರವಾಹವನ್ನೂ ೨೦೨೪ರ ಜುಲೈ ೩೦ರ ವಯನಾಡಿನ ಭೂಕುಸಿತವನ್ನೂ ವರದಿಯ ಸತ್ಯತೆಗೆ ಸಾಕ್ಷಿಯೆಂದು ಅನೇಕರು ಎತ್ತಿ ಹೇಳಿದರು. ಅತಿವೃಷ್ಟಿಯ ಪಾಲೆಷ್ಟು, ನೆಲವನ್ನು ಕೆಡಿಸಿದುದರ ಪಾಲೆಷ್ಟು ಎಂಬುದನ್ನು ಬೇರ್ಪಡಿಸದೆ ಹಾಗೆ ಹೇಳುವುದು ಯುಕ್ತವಲ್ಲ.

ಆದರೂ ಒಂದು ಮಾತು ನಿಸ್ಸಂದೇಹವಾಗಿ ನಿಲ್ಲುತ್ತದೆ. ಜನರು ವಿರೋಧಿಸಿದುದು ಬಹುಮಟ್ಟಿಗೆ ತಾವು ಓದಿದ ವರದಿಯನ್ನಲ್ಲ, ತಮಗೆ ಇತರರು ಹೇಳಿದ ವರದಿಯನ್ನು. ಅವರ ನುಡಿಯಲ್ಲಿ ಅದು ಸಕಾಲದಲ್ಲಿ ಅವರ ಕೈಗೆ ಬರಲಿಲ್ಲ. ಬಿದಿರಿನ ಪ್ರಸಂಗದಲ್ಲಿ ಶಾಸ್ತ್ರವು ಹಳ್ಳಿಗರನ್ನು ಕೇಳದೆ ತಪ್ಪಿತು. ಘಟ್ಟದ ಪ್ರಸಂಗದಲ್ಲಿ ರಾಜ್ಯವು ಹಳ್ಳಿಗರಿಗೆ ಹೇಳದೆ ತಪ್ಪಿತು. ಗಾಡ್ಗೀಳರ ಸಿದ್ಧಾಂತವು ಪರೀಕ್ಷೆಯಲ್ಲಿ ಸೋತಿತೆನ್ನುವುದಕ್ಕಿಂತ, ಅದನ್ನು ಪರೀಕ್ಷೆಗೇ ಒಡ್ಡಲಿಲ್ಲವೆನ್ನುವುದು ಸತ್ಯಕ್ಕೆ ಹತ್ತಿರವಾದುದು.

ಭಾಷಾವಿದ್ವಾಂಸರಿಗೂ ಇದರಲ್ಲಿ ಕರ್ತವ್ಯವುಂಟು. ಕಾನು, ಹಾಡಿ, ಸೊಪ್ಪಿನಬೆಟ್ಟ, ಬೇಣ, ಹಕ್ಕಲು, ಬಾಣೆ, ದೇವರಕಾಡು ಎಂದು ಘಟ್ಟದ ಕನ್ನಡವು ಬೇರೆಬೇರೆಯಾಗಿ ಗುರುತಿಸುವ ನೆಲಗಳಲ್ಲಿ ಒಂದೊಂದಕ್ಕೂ ಅದರದೇ ಆದ ಬಳಕೆಯೂ ಹಕ್ಕೂ ಇದ್ದಿತು. ಆಡಳಿತದ ಭಾಷೆಯು ಇವುಗಳಲ್ಲಿ ಹೆಚ್ಚಿನದನ್ನು ಕಾಡೆಂಬ ಒಂದೇ ಮಾತಿನಲ್ಲಿ ಅಡಗಿಸಿದಾಗ ಆ ಕಟ್ಟಳೆಗಳೂ ಮರೆಯಾದವು. ಊರಿನ ಜೀವವೈವಿಧ್ಯದ ದಾಖಲೆಯು ಊರಿನ ಪದಗಳಿಲ್ಲದೆ ಪೂರ್ಣವಾಗಲಾರದು. ಆ ಪದಗಳನ್ನು ಅವುಗಳ ಅರ್ಥದೊಡನೆಯೂ ಹಕ್ಕಿನೊಡನೆಯೂ ಸಂಗ್ರಹಿಸುವುದು, ಗಾಡ್ಗೀಳರು ತೊಡಗಿದ ಕಾರ್ಯದಲ್ಲಿ ಕನ್ನಡ ವಿದ್ವಾಂಸರಿಗೆ ಉಳಿದಿರುವ ಭಾಗವಾಗಿದೆ.